12345654321 (ಸಂಖ್ಯೆ)

12345654321 ಹನ್ನೊಂದು ಅಂಕಗಳ ಒಂದು ಬೆಸ ಪೂರ್ಣ ಸಂಖ್ಯೆ. ಇದು 111111ರ ವರ್ಗ. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ ಆಗಿರುವುದರಿಂದ ಇದು ಗತಪ್ರತ್ಯಾಗತ ಸಂಖ್ಯೆಗಳ (ಪ್ಯಾಲಿಂಡ್ರೋಮ್) ಗುಂಪಿಗೆ ಸೇರುತ್ತದೆ. ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದ ಜೈನ ಗಣಿತಜ್ಞ ಮಹಾವೀರಾಚಾರ್ಯನ 'ಗಣಿತಸಾರಸಂಗ್ರಹ'ದಲ್ಲಿ (ಸುಮಾರು ಕ್ರಿ.ಶ. 850) ಈ ಸಂಖ್ಯೆಯ ಉಲ್ಲೇಖವಿದೆ. ಒಂದರಿಂದ ಮೊದಲ್ಗೊಂಡು ಆರರವರೆಗೆ ಏರಿ, ಅದೇ ಕ್ರಮದಲ್ಲಿ ಇಳಿಯುವ ಸಂಖ್ಯೆ ಎಂದು ಅಲ್ಲಿ ಅದನ್ನು ಗುರುತಿಸಲಾಗಿದೆ. ಒಂದು ನಿರ್ದಿಷ್ಟ ದೊಡ್ಡ ಸಂಖ್ಯೆಯನ್ನು ಅದರ ಅಂಕಗಳ ಜೋಡಣೆಯಿಂದಲೇ ಹೆಸರಿಸಿದ ಈ ವಿವರಣೆಯನ್ನು ಗಣಿತದ ಇತಿಹಾಸಕಾರರು ಸ್ಥಾನಬೆಲೆ ಪದ್ಧತಿಯ ಬಳಕೆಗೆ ನಿದರ್ಶನವಾಗಿ ಉದಾಹರಿಸುತ್ತಾರೆ.

ಓದುವ ಕ್ರಮ

ಭಾರತೀಯ ಕ್ರಮದಲ್ಲಿ ಅಲ್ಪವಿರಾಮಗಳನ್ನು ಹಾಕಿದರೆ ಸಂಖ್ಯೆ 12,34,56,54,321 ಎಂದಾಗುತ್ತದೆ. ಇದನ್ನು 'ಸಾವಿರದ ಇನ್ನೂರ ಮೂವತ್ತನಾಲ್ಕು ಕೋಟಿ ಐವತ್ತಾರು ಲಕ್ಷ ಐವತ್ತನಾಲ್ಕು ಸಾವಿರದ ಮುನ್ನೂರ ಇಪ್ಪತ್ತೊಂದು' ಎಂದು ಓದಲಾಗುತ್ತದೆ. ಹೀಗೆ ಬಾಯಲ್ಲಿ ಹೇಳಿದಾಗ ಸಂಖ್ಯೆಯ ಏರಿಳಿತ ಕಿವಿಗೆ ಅಷ್ಟಾಗಿ ತಿಳಿಯುವುದಿಲ್ಲ; ಅಂಕಗಳಲ್ಲಿ ಬರೆದಾಗ ಮಾತ್ರ ಕಣ್ಣಿಗೆ ಬೀಳುತ್ತದೆ.

ಮಹಾವೀರಾಚಾರ್ಯ ತನ್ನ ಗ್ರಂಥದ ಮೊದಲ ಅಧ್ಯಾಯದಲ್ಲಿ ಇಪ್ಪತ್ತನಾಲ್ಕು ಸ್ಥಾನಗಳಿಗೆ ಹೆಸರುಗಳನ್ನು ಕೊಟ್ಟಿದ್ದಾನೆ. ಏಕ, ದಶ, ಶತ, ಸಹಸ್ರ, ದಶಸಹಸ್ರ, ಲಕ್ಷ, ದಶಲಕ್ಷ, ಕೋಟಿ, ದಶಕೋಟಿ, ಶತಕೋಟಿ, ಅರ್ಬುದ ಎಂಬವು ಮೊದಲ ಹನ್ನೊಂದು. ಅಲ್ಲಿಂದ ಮುಂದೆ ನ್ಯರ್ಬುದ, ಖರ್ವ, ಪದ್ಮ, ಶಂಖ ಮೊದಲಾದವುಗಳನ್ನು ದಾಟಿ ಪಟ್ಟಿ ಮಹಾಕ್ಷೋಭದಲ್ಲಿ, ಅಂದರೆ ಒಂದರ ಮುಂದೆ ಇಪ್ಪತ್ತಮೂರು ಸೊನ್ನೆಗಳಿರುವ ಸ್ಥಾನದಲ್ಲಿ, ಮುಗಿಯುತ್ತದೆ. ಈ ಪಟ್ಟಿಯ ಪ್ರಕಾರ 12345654321ರ ಎಡತುದಿಯ ಒಂದು ಅರ್ಬುದ ಸ್ಥಾನದಲ್ಲಿದೆ ಮತ್ತು ನಡುವಿನ ಆರು ಲಕ್ಷ ಸ್ಥಾನದಲ್ಲಿದೆ. 'ಅರ್ಬುದ' ಎಂಬ ಹೆಸರು ಎಲ್ಲ ಗ್ರಂಥಗಳಲ್ಲಿ ಒಂದೇ ಬೆಲೆಯದಲ್ಲ ಎಂಬುದನ್ನು ಓದುಗರು ಗಮನಿಸಬೇಕು. ಆರ್ಯಭಟನ ಪಟ್ಟಿಯಲ್ಲಿ ಅದು ಹತ್ತು ಕೋಟಿ. ಮಹಾವೀರಾಚಾರ್ಯನಲ್ಲಿ ಸಾವಿರ ಕೋಟಿ.

ಗಣಿತಸಾರಸಂಗ್ರಹದಲ್ಲಿ

ಗಣಿತಸಾರಸಂಗ್ರಹ ಸಂಸ್ಕೃತ ಪದ್ಯಗಳಲ್ಲಿ ರಚಿತವಾದ ಒಂಬತ್ತು ಅಧ್ಯಾಯಗಳ ಗ್ರಂಥ. ಖಗೋಳಶಾಸ್ತ್ರದ ಜೊತೆಗೂಡಿಸದೆ ಗಣಿತವನ್ನೇ ಪೂರ್ಣ ವಿಷಯವಾಗಿ ಎತ್ತಿಕೊಂಡ ಭಾರತೀಯ ಗ್ರಂಥಗಳಲ್ಲಿ ಇದು ಬಹಳ ಹಳೆಯದು. ಅದರ ಆರಂಭದ ಪದ್ಯಗಳಲ್ಲಿ ನೃಪತುಂಗನ ಪ್ರಶಂಸೆ ಇದೆ. ಆ ದೊರೆಯ ರಾಜಧಾನಿ ಮಾನ್ಯಖೇಟ, ಇಂದಿನ ಕಲಬುರಗಿ ಜಿಲ್ಲೆಯ ಸೇಡಂ ತಾಲ್ಲೂಕಿನ ಮಳಖೇಡ. ಕನ್ನಡದ ಮೊದಲ ಲಭ್ಯ ಗ್ರಂಥವಾದ ಕವಿರಾಜಮಾರ್ಗವೂ ಇದೇ ಆಸ್ಥಾನದಿಂದ ಬಂದುದು. ಹನ್ನೊಂದನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನ ಗಣಿತಸಾರಸಂಗ್ರಹವನ್ನು ತೆಲುಗಿಗೆ ತಂದನು. ಆಧುನಿಕ ಕಾಲದಲ್ಲಿ ಎಂ. ರಂಗಾಚಾರ್ಯರು ಮೂಲವನ್ನು ಇಂಗ್ಲಿಷ್ ಅನುವಾದದೊಡನೆ ಸಂಪಾದಿಸಿದರು. ಅದು 1912ರಲ್ಲಿ ಮದರಾಸಿನಲ್ಲಿ ಪ್ರಕಟವಾಯಿತು. ಪದ್ಮಾವತಮ್ಮನವರ ಕನ್ನಡ ಅನುವಾದ ಸಹಿತ ಆವೃತ್ತಿ 2000ದಲ್ಲಿ ಹೊಂಬುಜದಿಂದ ಹೊರಬಂದಿತು.

ಗುಣಾಕಾರದ ಭಾಗದಲ್ಲಿ ಮಹಾವೀರಾಚಾರ್ಯ ಕೆಲವು ವಿಶೇಷ ಲೆಕ್ಕಗಳನ್ನು ಕೊಡುತ್ತಾನೆ. ಅವುಗಳ ಗುಣಲಬ್ಧಗಳು ಮಣಿಗಳನ್ನು ಸಮವಾಗಿ ಪೋಣಿಸಿದ ಕೊರಳಹಾರದಂತೆ ಕಾಣುವುದರಿಂದ ಅವನ್ನು ಕಂಠಿಕೆ, ಕಂಠಾಭರಣ ಎಂಬಂಥ ಹೆಸರುಗಳಿಂದ ಕರೆಯುತ್ತಾನೆ. ಇಂಗ್ಲಿಷಿನಲ್ಲಿ ಬರೆದ ಇತಿಹಾಸಕಾರರು ಇವನ್ನು 'ಹಾರ ಸಂಖ್ಯೆಗಳು' ಎಂಬರ್ಥದ ಹೆಸರಿನಿಂದ ಕರೆದಿದ್ದಾರೆ. ಅವುಗಳಲ್ಲಿ ಕೆಲವು:

139 × 109 = 15151
152207 × 73 = 11111111
14287143 × 7 = 100010001
12345679 × 9 = 111111111
142857143 × 7 = 1000000001
11011011 × 91 = 1002002001
27994681 × 441 = 12345654321
333333666667 × 33 = 11000011000011

ಪ್ರಸ್ತುತ ಸಂಖ್ಯೆ ಇವುಗಳಲ್ಲಿ ಬರುವುದು 27994681 ಮತ್ತು 441ರ ಗುಣಲಬ್ಧವಾಗಿ. ಲೆಕ್ಕವನ್ನು ಬಿಡಿಸಿ ನೋಡಿದರೆ ಈ ಉದಾಹರಣೆಯ ಸೊಗಸು ತಿಳಿಯುತ್ತದೆ. 27994681ನ್ನು 400ರಿಂದ ಗುಣಿಸಿದರೆ 11,19,78,72,400. 40ರಿಂದ ಗುಣಿಸಿದರೆ 1,11,97,87,240. ಒಂದರಿಂದ ಗುಣಿಸಿದರೆ 2,79,94,681. ಈ ಮೂರು ಸಾಲುಗಳಲ್ಲಿ ಯಾವುದರಲ್ಲಿಯೂ ಕ್ರಮದ ಸುಳಿವಿಲ್ಲ. ಮೂರನ್ನೂ ಕೂಡಿಸಿದ ಮೇಲೆ ಮಾತ್ರ 12,34,56,54,321 ಹೊರಬರುತ್ತದೆ. ನಡುವೆ ಒಂದು ದಶಕವನ್ನು ಮರೆತರೂ ಹಾರ ತುಂಡಾಗುತ್ತದೆ. ಹೀಗಾಗಿ ಕಲಿಯುವವನಿಗೆ ಉತ್ತರ ಸರಿಯೋ ತಪ್ಪೋ ಎಂಬುದನ್ನು ಗುರುವಿನ ನೆರವಿಲ್ಲದೆ ತಿಳಿಯಲು ಇಂಥ ಲೆಕ್ಕ ಚೆನ್ನಾಗಿ ಒದಗುತ್ತದೆ.

ಪ್ರಾಚೀನ ಗ್ರಂಥಗಳಲ್ಲಿ ದೊಡ್ಡ ಸಂಖ್ಯೆಗಳನ್ನು ಪದ್ಯಕ್ಕೆ ಹೊಂದಿಸಲು ಭೂತಸಂಖ್ಯೆಗಳನ್ನು ಬಳಸುತ್ತಿದ್ದರು. ಚಂದ್ರನೆಂದರೆ ಒಂದು, ಕಣ್ಣೆಂದರೆ ಎರಡು, ಅಗ್ನಿಯೆಂದರೆ ಮೂರು. ಈ ಪದಗಳನ್ನು ಸಾಮಾನ್ಯವಾಗಿ ಬಿಡಿ ಸ್ಥಾನದಿಂದ ಎಡಕ್ಕೆ ಬರೆಯುತ್ತ ಹೋಗಬೇಕು. ದಿಕ್ಕು ತಪ್ಪಿದರೆ ಸಂಖ್ಯೆಯೇ ಬೇರೆಯಾಗುತ್ತದೆ. 12345654321ರ ವಿಷಯದಲ್ಲಿ ಈ ಭಯವಿಲ್ಲ. ಯಾವ ತುದಿಯಿಂದ ಆರಂಭಿಸಿದರೂ ಅದು ಒಂದರಿಂದ ಆರಕ್ಕೆ ಏರಿ ಒಂದಕ್ಕೆ ಇಳಿಯುತ್ತದೆ. ಆದರೆ ಆ ವಿವರಣೆಗೆ ಅರ್ಥ ಬರಬೇಕಾದರೆ ಕೇಳುವವನಿಗೆ ಒಂದು ವಿಷಯ ಮೊದಲೇ ತಿಳಿದಿರಬೇಕು: ಬರಿಯ ಅಂಕಗಳನ್ನು ಸಾಲಾಗಿ ಹೇಳಿದರೆ ಸಾಕು, ಪ್ರತಿಯೊಂದು ಅಂಕದ ಬೆಲೆ ಅದು ನಿಂತ ಸ್ಥಾನದಿಂದ ತಾನಾಗಿಯೇ ಸಿಗುತ್ತದೆ ಎಂಬುದು. ರೋಮನ್ ಅಂಕಿಗಳಲ್ಲಿ ಬರೆಯುವವನಿಗೆ ಇದೇ ಸಂಖ್ಯೆಯನ್ನು ಹೀಗೆ ಒಂದು ಮಾತಿನಲ್ಲಿ ಸೂಚಿಸಲು ಸಾಧ್ಯವಿರಲಿಲ್ಲ.

111111ರ ವರ್ಗವಾಗಿ

111111ನ್ನು ಅದರಿಂದಲೇ ಗುಣಿಸುವಾಗ ಆರು ಸಾಲುಗಳು ಬರುತ್ತವೆ. ಪ್ರತಿಯೊಂದು ಸಾಲೂ 111111ವೇ. ಆದರೆ ಹಿಂದಿನದಕ್ಕಿಂತ ಒಂದು ಸ್ಥಾನ ಎಡಕ್ಕೆ ಸರಿದಿರುತ್ತದೆ. ಬಿಡಿ ಸ್ಥಾನದ ಕಂಬದಲ್ಲಿ ಒಂದೇ ಒಂದು ಅಂಕವಿದ್ದರೆ, ಅದರ ಎಡಗಡೆಯ ಕಂಬದಲ್ಲಿ ಎರಡು, ನಂತರ ಮೂರು, ಹೀಗೆ ಆರನೆಯ ಕಂಬದಲ್ಲಿ ಆರು ಒಂದುಗಳು ಒಂದರ ಕೆಳಗೊಂದು ನಿಲ್ಲುತ್ತವೆ. ಅಲ್ಲಿಂದ ಮುಂದೆ ಮೇಲಿನ ಸಾಲುಗಳು ಒಂದೊಂದಾಗಿ ಮುಗಿಯುವುದರಿಂದ ಎಣಿಕೆ ಐದು, ನಾಲ್ಕು ಎಂದು ಇಳಿಯುತ್ತದೆ. ಯಾವ ಕಂಬದ ಮೊತ್ತವೂ ಹತ್ತನ್ನು ಮುಟ್ಟದಿರುವುದರಿಂದ ದಶಕ ಒಯ್ಯುವ ಪ್ರಸಂಗವೇ ಬರುವುದಿಲ್ಲ. ಎಣಿಕೆಯೇ ಅಂಕವಾಗಿ ಉಳಿಯುತ್ತದೆ.

ಈ ಕಾರಣದಿಂದ ಇದೇ ಬಗೆಯ ಸಂಖ್ಯೆಗಳ ಒಂದು ಶ್ರೇಣಿಯೇ ಇದೆ:

1² = 1
11² = 121
111² = 12321
1111² = 1234321
11111² = 123454321
111111² = 12345654321
1111111² = 1234567654321
11111111² = 123456787654321
111111111² = 12345678987654321

ಹತ್ತನೆಯ ಹೆಜ್ಜೆಯಲ್ಲಿ ನಡುವಿನ ಕಂಬದ ಮೊತ್ತ ಹತ್ತಾಗಿ, ದಶಕ ಎಡಕ್ಕೆ ಹೋಗಿ, ಸಮತೆ ಕೆಡುತ್ತದೆ. 1111111111ರ ವರ್ಗ 1234567900987654321. ಅದು ಹಿಂದುಮುಂದಾಗಿ ಓದಿದರೆ ಒಂದೇ ಅಲ್ಲ.

ನಾಸಿಕದ ಬಳಿಯ ದೇವಳಾಲಿಯಲ್ಲಿ ಶಾಲಾ ಅಧ್ಯಾಪಕರಾಗಿದ್ದ ದ. ರಾ. ಕಾಪ್ರೇಕರ್ (1905–1986) ಈ ಶ್ರೇಣಿಯನ್ನೂ ಇದಕ್ಕೆ ಸಂಬಂಧಿಸಿದ ಸಂಖ್ಯೆಗಳನ್ನೂ ವಿಸ್ತಾರವಾಗಿ ಅಭ್ಯಸಿಸಿ 'ಡೆಮ್ಲೊ ಸಂಖ್ಯೆಗಳು' ಎಂದು ಹೆಸರಿಟ್ಟರು. ಮುಂಬಯಿಯಿಂದ ಮೂವತ್ತು ಮೈಲಿ ದೂರದ, ಈಗ ಡೊಂಬಿವಲಿ ಎಂದು ಕರೆಯಲಾಗುವ ರೈಲು ನಿಲ್ದಾಣದ ಹೆಸರು ಅದು. ಈ ಸಂಖ್ಯೆಗಳ ವಿಚಾರ ಅವರಿಗೆ ಹೊಳೆದದ್ದು ಅಲ್ಲಿ. ಒಂದೆಂಬ ಅಂಕವೊಂದರಿಂದಲೇ ಆದ 111111ರಂಥ ಸಂಖ್ಯೆಗಳಿಗೆ 'ರೆಪ್ಯುನಿಟ್' ಎಂಬ ಹೆಸರು ಬಂದದ್ದು ಇನ್ನೂ ಈಚೆಗೆ, 1966ರಲ್ಲಿ, ಆಲ್ಬರ್ಟ್ ಬೈಲರ್ ಅವರಿಂದ.

ಬರಹದ ಗುಣ, ಸಂಖ್ಯೆಯ ಗುಣ

ಒಂದು ಸಂಖ್ಯೆಯ ಗುಣಗಳನ್ನು ಎರಡು ಬಗೆಯಾಗಿ ನೋಡಬಹುದು. ಅದು ಬೆಸವೇ, ವರ್ಗವೇ, ಯಾವ ಅವಿಭಾಜ್ಯಗಳಿಂದ ಆಗಿದೆ ಎಂಬವು ಸಂಖ್ಯೆಗೇ ಸೇರಿದವು. ಯಾವ ಲಿಪಿಯಲ್ಲಿ, ಯಾವ ಪದ್ಧತಿಯಲ್ಲಿ ಬರೆದರೂ ಬದಲಾಗುವುದಿಲ್ಲ. ಹಿಂದುಮುಂದಾಗಿ ಒಂದೇ ಆಗಿ ಓದಿಸಿಕೊಳ್ಳುವುದು, ಅಂಕಗಳ ಮೊತ್ತ ಇಷ್ಟೆಂಬುದು ಬರಹಕ್ಕೆ ಸೇರಿದವು. 'ವಿಕಟಕವಿ', 'ಕಿಟಕಿ' ಎಂಬ ಪದಗಳು ಹಿಂದುಮುಂದಾಗಿ ಒಂದೇ ಆಗಿರುವುದು ಆ ಪದಗಳ ಅಕ್ಷರಗಳ ಗುಣವೇ ಹೊರತು ಕವಿಯದೋ ಕಿಟಕಿಯದೋ ಅಲ್ಲ. ಅದರಂತೆಯೇ ಇದು.

ಗಣಕಯಂತ್ರಗಳು ಬಳಸುವ ದ್ವಿಮಾನ ಪದ್ಧತಿಯಲ್ಲಿ ಬರೆದರೆ 12345654321 ಮೂವತ್ತನಾಲ್ಕು ಅಂಕಗಳ ಸಂಖ್ಯೆಯಾಗುತ್ತದೆ. ಅದರ ಆರಂಭ 101, ಕೊನೆ 001. ತುದಿಗಳೇ ಹೊಂದದಿರುವುದರಿಂದ ಅಲ್ಲಿ ಅದು ಗತಪ್ರತ್ಯಾಗತವಲ್ಲ.

ಆದರೂ ಹಾರದ ವಿನ್ಯಾಸ ಹತ್ತರ ಆಧಾರಕ್ಕಷ್ಟೇ ಕಟ್ಟುಬಿದ್ದುದಲ್ಲ. ಆರು ಒಂದುಗಳ ಸಾಲನ್ನು ವರ್ಗ ಮಾಡುವಾಗ ದಶಕ ಒಯ್ಯದಿರಬೇಕೆಂಬುದೇ ಮುಖ್ಯ ನಿಬಂಧನೆ. ಆರು ಎಂಬ ಅಂಕಕ್ಕೆ ಎಡೆಯಿರುವ ಯಾವ ಆಧಾರವಾದರೂ ಆದೀತು. ಏಳರ ಆಧಾರದಲ್ಲಿ 111111 ಎಂದು ಬರೆದದ್ದು ನಮ್ಮ ದಶಮಾನದ 19608. ಅದರ ವರ್ಗ 38,44,73,664. ಇದನ್ನು ಮತ್ತೆ ಏಳರ ಆಧಾರದಲ್ಲಿ ಬರೆದರೆ 12345654321 ಎಂದೇ ಬರುತ್ತದೆ. ಸಂಖ್ಯೆ ಬೇರೆ, ಬರಹ ಒಂದೇ. ಏಳು ಮತ್ತು ಅದಕ್ಕಿಂತ ದೊಡ್ಡ ಎಲ್ಲ ಆಧಾರಗಳಲ್ಲೂ ಹೀಗೆಯೇ. ಆರರ ಆಧಾರದಲ್ಲಿ ಮಾತ್ರ ನಡುವಿನ ಮಣಿ ಒಡೆಯುತ್ತದೆ. ಬೀಜಗಣಿತದ ಮಾತಿನಲ್ಲಿ, ಆಧಾರವನ್ನು 'ಕ' ಎಂದು ಕರೆದರೆ, (1 + ಕ + ಕ² + ಕ³ + ಕ⁴ + ಕ⁵) ಎಂಬ ಬಹುಪದೋಕ್ತಿಯ ವರ್ಗದ ಸಹಗುಣಕಗಳೇ 1, 2, 3, 4, 5, 6, 5, 4, 3, 2, 1.

ಅಪವರ್ತನಗಳು

ಮೇಲಿನ ಬಹುಪದೋಕ್ತಿಯು (1 + ಕ), (1 + ಕ + ಕ²), (1 − ಕ + ಕ²) ಎಂಬ ಮೂರರ ಗುಣಲಬ್ಧ. ಕ = 10 ಎಂದಿಟ್ಟರೆ ಅವು ಕ್ರಮವಾಗಿ 11, 111 ಮತ್ತು 91. ಇವುಗಳಲ್ಲಿ 111 = 3 × 37, 91 = 7 × 13. ಆದುದರಿಂದ

111111 = 3 × 7 × 11 × 13 × 37
12345654321 = 3² × 7² × 11² × 13² × 37²

ಮಹಾವೀರಾಚಾರ್ಯನ ಲೆಕ್ಕದ ಒಳಗುಟ್ಟು ಇಲ್ಲಿ ಕಾಣುತ್ತದೆ. ಗುಣಕವಾದ 441 ಎಂದರೆ 3² × 7², ಅಂದರೆ 21ರ ವರ್ಗ. ಗುಣ್ಯವಾದ 27994681 ಎಂದರೆ 11² × 13² × 37², ಅಂದರೆ 5291ರ ವರ್ಗ. ಎರಡು ವರ್ಗಗಳನ್ನು ಗುಣಿಸಿ ಮೂರನೆಯ ವರ್ಗವನ್ನು ಪಡೆಯುವ ಲೆಕ್ಕ ಅದು; 21 × 5291 = 111111.

ಈ ಐದು ಅವಿಭಾಜ್ಯಗಳು ಒಟ್ಟುಗೂಡಿರುವುದು ಕಾಕತಾಳೀಯವಲ್ಲ. 111111ರ ಒಂಬತ್ತರಷ್ಟು 999999, ಅದು ಹತ್ತರ ಆರನೆಯ ಘಾತಕ್ಕಿಂತ ಒಂದು ಕಡಿಮೆ. ಒಂದನ್ನು ಒಂದು ಅವಿಭಾಜ್ಯದಿಂದ ಭಾಗಿಸಿದಾಗ ಬರುವ ಆವರ್ತ ದಶಮಾಂಶದ ಆವರ್ತ ಆರು ಅಂಕಗಳದ್ದಾಗಿದ್ದರೆ, ಅಥವಾ ಆರನ್ನು ಭಾಗಿಸುವ ಉದ್ದದ್ದಾಗಿದ್ದರೆ, ಆ ಅವಿಭಾಜ್ಯ 999999ನ್ನು ಭಾಗಿಸಲೇಬೇಕು. 1/3ರ ಆವರ್ತ ಒಂದು ಅಂಕದ್ದು, 1/11ರದು ಎರಡು, 1/37ರದು ಮೂರು, 1/7 ಮತ್ತು 1/13ರದು ಆರು. ಬೇರೆ ಯಾವ ಅವಿಭಾಜ್ಯಕ್ಕೂ ಈ ಪಟ್ಟಿಯಲ್ಲಿ ಎಡೆಯಿಲ್ಲ. 1/7ರ ಆವರ್ತವಾದ 142857ನ್ನು ಏಳರಿಂದ ಗುಣಿಸಿದರೆ 999999 ಬರುತ್ತದೆ; ಮಹಾವೀರಾಚಾರ್ಯನ ಇನ್ನೊಂದು ಹಾರದ ಗುಣ್ಯವಾದ 142857143 ಅದೇ ಅಂಕಗಳಿಂದ ಆರಂಭವಾಗುತ್ತದೆ. ಅಲ್ಲದೆ 999999ರ ವರ್ಗವಾದ 999998000001ನ್ನು 81ರಿಂದ ಭಾಗಿಸಿದರೂ 12345654321 ಸಿಗುತ್ತದೆ.

ಪ್ರತಿಯೊಂದು ಅವಿಭಾಜ್ಯದ ಘಾತ 0, 1 ಅಥವಾ 2 ಆಗಿರಬಹುದಾದ್ದರಿಂದ ಭಾಜಕಗಳ ಸಂಖ್ಯೆ 3 × 3 × 3 × 3 × 3 = 243. ವರ್ಗ ಸಂಖ್ಯೆಗಳಿಗೆ ಮಾತ್ರ ಭಾಜಕಗಳು ಬೆಸ ಎಣಿಕೆಯಲ್ಲಿರುತ್ತವೆ. ಒಂದರಿಂದ ಈ ಸಂಖ್ಯೆಯವರೆಗೆ ಇದರೊಡನೆ ಒಂದರ ಹೊರತು ಬೇರೆ ಸಾಮಾನ್ಯ ಭಾಜಕವಿಲ್ಲದ ಸಂಖ್ಯೆಗಳು 5,75,99,94,240. ಮೊದಲ 111111 ಬೆಸ ಸಂಖ್ಯೆಗಳ ಮೊತ್ತವೂ ಇದೇ ಸಂಖ್ಯೆ. ಅಂಕಗಳ ಮೊತ್ತ 36, ಅದು ಆರರ ವರ್ಗ. ತನ್ನ ಅಂಕಗಳ ಮೊತ್ತದಿಂದ ಭಾಗವಾಗುವ ಸಂಖ್ಯೆಗಳನ್ನು ಕಾಪ್ರೇಕರ್ 'ಹರ್ಷದ' ಎಂದು ಕರೆದರು. 36 ಸಮವಾಗಿ ಈ ಸಂಖ್ಯೆ ಬೆಸವಾಗಿರುವುದರಿಂದ 12345654321ಕ್ಕೆ ಆ ಪದವಿ ಇಲ್ಲ; ಚಿಕ್ಕ ಸಂಬಂಧಿಯಾದ 12321ಕ್ಕೆ ಇದೆ (12321 ÷ 9 = 1369).

ಅಧಿಕ ಸಂಖ್ಯೆಯಾಗಿ

ಒಂದು ಸಂಖ್ಯೆಯ ಭಾಜಕಗಳಲ್ಲಿ ಅದನ್ನೇ ಬಿಟ್ಟು ಉಳಿದವುಗಳನ್ನು ಕೂಡಿಸಿದಾಗ ಮೊತ್ತ ಆ ಸಂಖ್ಯೆಗಿಂತ ಕಡಿಮೆಯಾದರೆ ಅದು ನ್ಯೂನ ಸಂಖ್ಯೆ, ಸಮವಾದರೆ ಪರಿಪೂರ್ಣ ಸಂಖ್ಯೆ, ಹೆಚ್ಚಾದರೆ ಅಧಿಕ ಸಂಖ್ಯೆ. ಆರು ಪರಿಪೂರ್ಣ (1 + 2 + 3), ಹನ್ನೆರಡು ಅಧಿಕ. ಬೆಸ ಸಂಖ್ಯೆಗಳಲ್ಲಿ ಅಧಿಕ ಸಂಖ್ಯೆಗಳು ವಿರಳ. ಅವುಗಳಲ್ಲಿ ಅತಿ ಚಿಕ್ಕದು 945.

12345654321ರ ಎಲ್ಲ ಭಾಜಕಗಳ ಮೊತ್ತವನ್ನು ಕಂಡುಹಿಡಿಯಲು ಐದು ಚಿಕ್ಕ ಮೊತ್ತಗಳನ್ನು ಗುಣಿಸಿದರೆ ಸಾಕು:

(1 + 3 + 9) × (1 + 7 + 49) × (1 + 11 + 121) × (1 + 13 + 169) × (1 + 37 + 1369)
= 13 × 57 × 133 × 183 × 1407
= 25,37,55,24,993

ಇದರಿಂದ ಸಂಖ್ಯೆಯನ್ನೇ ಕಳೆದರೆ ಉಳಿಯುವುದು 13,02,98,70,672. ಅದು ಮೂಲ ಸಂಖ್ಯೆಗಿಂತ 68,42,16,351ರಷ್ಟು ಹೆಚ್ಚು. ಆದ್ದರಿಂದ ಇದು ಬೆಸ ಅಧಿಕ ಸಂಖ್ಯೆ. ಮೇಲೆ ಕೊಟ್ಟ ಒಂಬತ್ತು ವರ್ಗಗಳಲ್ಲಿ ಅಧಿಕ ಸಂಖ್ಯೆಯಾಗಿರುವುದು ಇದೊಂದೇ. ಉಳಿದ ಎಂಟೂ ನ್ಯೂನ ಸಂಖ್ಯೆಗಳು. 111111ಕ್ಕೆ 3, 7, 11, 13 ಎಂಬ ಚಿಕ್ಕ ಅವಿಭಾಜ್ಯಗಳು ಒಟ್ಟಿಗೆ ದಕ್ಕಿರುವುದೇ ಇದಕ್ಕೆ ಕಾರಣ. 1111111 ಹೆಚ್ಚು ದೊಡ್ಡದಾದರೂ ಅದರ ಅಪವರ್ತನಗಳು 239 ಮತ್ತು 4649 ಮಾತ್ರ.

ಈ ಸಂಖ್ಯೆ ಪರಿಪೂರ್ಣವಾಗಲು ಸಾಧ್ಯವೇ ಇರಲಿಲ್ಲ ಎಂಬುದನ್ನು ಲೆಕ್ಕ ಮಾಡದೆಯೂ ತೋರಿಸಬಹುದು. ಬೆಸ ವರ್ಗ ಸಂಖ್ಯೆಯ ಭಾಜಕಗಳೆಲ್ಲ ಬೆಸ, ಅವುಗಳ ಎಣಿಕೆಯೂ ಬೆಸ. ಆದ್ದರಿಂದ ಮೊತ್ತ ಬೆಸ. ಪರಿಪೂರ್ಣವಾಗಬೇಕಾದರೆ ಮೊತ್ತ ಸಂಖ್ಯೆಯ ಎರಡರಷ್ಟು, ಅಂದರೆ ಸಮ ಆಗಿರಬೇಕಿತ್ತು.

ಡೆಕಾರ್ಟ್ ಸಂಖ್ಯೆಯೊಡನೆ ನಂಟು

37ನ್ನು ಬದಿಗಿಟ್ಟು ಉಳಿದ ನಾಲ್ಕು ಅವಿಭಾಜ್ಯಗಳ ವರ್ಗಗಳನ್ನಷ್ಟೇ ಗುಣಿಸಿದರೆ 3003ರ ವರ್ಗವಾದ 90,18,009 ಬರುತ್ತದೆ. ಅದರ ಭಾಜಕಗಳ ಮೊತ್ತ 1,80,35,199. ಪರಿಪೂರ್ಣತೆಗೆ ಬೇಕಾದ 1,80,36,018ಕ್ಕೆ ಅದು ಕೇವಲ 819 ಕಡಿಮೆ. ಎರಡು ಕೋಟಿಯ ಹತ್ತಿರದ ಮೊತ್ತದಲ್ಲಿ ಸಾವಿರಕ್ಕೂ ಕಡಿಮೆ ಕೊರತೆ! 37ರ ವರ್ಗವನ್ನು ಸೇರಿಸಿದೊಡನೆ ಸಂಖ್ಯೆ ಗಡಿಯನ್ನು ದಾಟಿ ಅಧಿಕದ ಕಡೆಗೆ ಬೀಳುತ್ತದೆ.

ಇದೇ 90,18,009ನ್ನು ಆಧಾರವಾಗಿಟ್ಟುಕೊಂಡು ಫ್ರಾನ್ಸಿನ ರೆನೆ ಡೆಕಾರ್ಟ್ 1638ರಲ್ಲಿ ಮರಿನ್ ಮೆರ್ಸೆನ್‌ನಿಗೆ ಬರೆದ ಪತ್ರದಲ್ಲಿ ಒಂದು ವಿಚಿತ್ರ ಸಂಖ್ಯೆಯನ್ನು ಸೂಚಿಸಿದನು. ಕೊರತೆಯಾದ 819 ಇಲ್ಲಿ ಬೀಗದ ಕೈಯಂತೆ ಕೆಲಸ ಮಾಡುತ್ತದೆ: 1,80,35,199 = 819 × 22021 ಮತ್ತು 1,80,36,018 = 819 × 22022. ಹಾಗಾದರೆ 37²ರ ಬದಲು 22021ರಿಂದ ಗುಣಿಸಿ, 22021 ಅವಿಭಾಜ್ಯವೆಂದು ಭಾವಿಸಿದರೆ, ಅದರ ಭಾಜಕಗಳ ಮೊತ್ತ 22022 ಆಗಿ ಕೊರತೆ ಸರಿಯಾಗಿ ತುಂಬುತ್ತದೆ. 198585576189 ಎಂಬ ಬೆಸ ಪರಿಪೂರ್ಣ ಸಂಖ್ಯೆ ಸಿಕ್ಕಂತಾಗುತ್ತದೆ. ಆದರೆ 22021 ಅವಿಭಾಜ್ಯವಲ್ಲ. ಅದು 19² × 61. ಹೀಗಾಗಿ ಈ 'ಡೆಕಾರ್ಟ್ ಸಂಖ್ಯೆ' ಪರಿಪೂರ್ಣತೆಯ ವೇಷ ಹಾಕಿದ್ದೇ ಹೊರತು ಪರಿಪೂರ್ಣವಲ್ಲ.

ನಿಜವಾದ ಬೆಸ ಪರಿಪೂರ್ಣ ಸಂಖ್ಯೆ ಒಂದಾದರೂ ಇದೆಯೇ ಎಂಬ ಪ್ರಶ್ನೆಗೆ ಗಣಿತದಲ್ಲಿ ಇನ್ನೂ ಉತ್ತರ ಸಿಕ್ಕಿಲ್ಲ. ಅಂಥದೊಂದು ಇದ್ದರೆ ಅದು ಒಂದರ ಮುಂದೆ 1500 ಸೊನ್ನೆಗಳಿರುವ ಸಂಖ್ಯೆಗಿಂತ ದೊಡ್ಡದಾಗಿರಬೇಕೆಂದು ಪಾಸ್ಕಲ್ ಓಶೆಮ್ ಮತ್ತು ಮೈಕೆಲ್ ರಾವ್ 2012ರಲ್ಲಿ ಸಾಧಿಸಿ ತೋರಿಸಿದರು.